ಯಾವ ಹೆಸರಿನಲ್ಲಿ ಇಟ್ಟಿದ್ದಾರೆ ಅಂತ ಮೊದಲು ತಿಳಿದುಕೊ

ಮಗಳೇ,

ನೀನು ಪಿಎಚ್.ಡಿ.ಗೆ ಸೇರಿ ದುದ್ದ ಹೋಬಳಿಯ ಕೆರೆಗಳನ್ನೇ ವಿಷಯವಾಗಿ ತೆಗೆದುಕೊಂಡಿದ್ದೀಯೆ ಅಂತ ನಿಮ್ಮಪ್ಪ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಓದಿದ ಮಕ್ಕಳು ತಮ್ಮ ಹೋಬಳಿಯ ಮೇಲೆ ಬರೆಯುವುದು ನಮ್ಮ ಕಡೆ ಬಹಳ ಕಡಿಮೆ. ಆದರೆ ಮೊನ್ನೆ ಫೋನಿನಲ್ಲಿ ‘ದೊಡ್ಡಪ್ಪ, ಗೂಗಲ್‌ನಲ್ಲಿ ಏನೂ ಸಿಗ್ತಿಲ್ಲ, ವಿಷಯ ಬದಲಾಯಿಸೋಣ ಅಂತಿದೀನಿ’ ಅಂದೆಯಲ್ಲ, ಅದಕ್ಕೇ ಈ ಕಾಗದ. ದಯವಿಟ್ಟು ವಿಷಯ ಬದಲಾಯಿಸಬೇಡ. ಹುಡುಕುವ ದಾರಿ ಬದಲಾಯಿಸು. ಇಷ್ಟು ವರ್ಷ ಕಾಲೇಜು ಗ್ರಂಥಾಲಯದಲ್ಲಿ ಕೆಲಸ ಮಾಡಿದವನು ನಾನು, ಗೊತ್ತಿರುವಷ್ಟನ್ನು ಬರೆದು ಕಳಿಸುತ್ತಿದ್ದೇನೆ. ಸಮಾಧಾನವಾಗಿ ಕೂತು ಓದು.

ಗೂಗಲ್‌ನಲ್ಲಿ ಯಾಕೆ ಸಿಗುವುದಿಲ್ಲ ಅನ್ನುವುದಕ್ಕೆ ನಮ್ಮ ಜಮೀನಿನ ಪಹಣಿಯನ್ನೇ ನೋಡು. ಗೂಗಲ್‌ನಲ್ಲಿ ನಿಮ್ಮಪ್ಪನ ಹೆಸರು, ಸರ್ವೆ ನಂಬರು ಎಲ್ಲ ಹಾಕಿದರೂ ಪಹಣಿ ಬರುವುದಿಲ್ಲ. ಸರ್ಕಾರದ ಭೂಮಿ ಜಾಲತಾಣಕ್ಕೇ ಹೋಗಬೇಕು. ಜಿಲ್ಲೆ ಹಾಸನ, ತಾಲ್ಲೂಕು ಹಾಸನ, ಹೋಬಳಿ ದುದ್ದ, ಆಮೇಲೆ ಗ್ರಾಮ, ಸರ್ವೆ ನಂಬರು, ಹಿಸ್ಸಾ ಅಂತ ಒಂದೊಂದಾಗಿ ಆರಿಸಿದ ಮೇಲೆ ಪಹಣಿ ತೆರೆ ಮೇಲೆ ಬರುತ್ತದೆ. 2000ನೇ ಇಸವಿಯಲ್ಲಿ ಶುರುವಾದ ವ್ಯವಸ್ಥೆ ಅದು, ಊರಲ್ಲಿ ಎಲ್ಲರೂ ಬಳಸುತ್ತಾರೆ. ಗೂಗಲ್ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ ಹಿಡಿದು ಹೋಗುತ್ತದೆ. ಹೋಬಳಿ ಆರಿಸು, ಗ್ರಾಮ ಆರಿಸು ಎಂದು ಕೇಳುವ ಪೆಟ್ಟಿಗೆಯ ಮುಂದೆ ಅದು ನಿಂತುಬಿಡುತ್ತದೆ. ಹೀಗೆ ಪೆಟ್ಟಿಗೆಯ ಹಿಂದೆ ಕೂತಿರುವ ಮಾಹಿತಿಗೆಲ್ಲ ಡೀಪ್ ವೆಬ್ ಅನ್ನುತ್ತಾರೆ. ಮೈಕೆಲ್ ಬರ್ಗ್‌ಮನ್ ಅನ್ನುವವರು 2001ರಲ್ಲಿ ಬರೆದ ಲೇಖನದಿಂದ ಈ ಮಾತು ಹೆಚ್ಚು ಬಳಕೆಗೆ ಬಂತು. ಕಳ್ಳ ವ್ಯಾಪಾರದ ಸುದ್ದಿಯಲ್ಲಿ ಬರುತ್ತದಲ್ಲ, ಡಾರ್ಕ್ ವೆಬ್, ಅದು ಬೇರೆ. ಅದಕ್ಕೂ ನಿನ್ನ ಕೆಲಸಕ್ಕೂ ಯಾವ ಸಂಬಂಧವೂ ಇಲ್ಲ, ಆ ಕಡೆ ತಲೆ ಹಾಕಬೇಡ. ನಿನಗೆ ಬೇಕಾದ ಕಾಗದಗಳೆಲ್ಲ ಹಗೇವಿನ ರಾಗಿಯ ಹಾಗೆ ಇವೆ. ಬೀದಿಯಲ್ಲಿ ಓಡಾಡುವವರಿಗೆ ಕಾಣುವುದಿಲ್ಲ, ಬಾಯಿ ಎಲ್ಲಿದೆ ಅಂತ ಗೊತ್ತಿರುವವರು ಇಳಿದು ತುಂಬಿಕೊಂಡು ಬರುತ್ತಾರೆ.

ಕೆರೆ ಅಂದಮೇಲೆ ಶಾಸನದಿಂದಲೇ ಶುರುಮಾಡಬೇಕು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟ ಹಾಸನ ಜಿಲ್ಲೆಯದು, 1902ರಲ್ಲಿ ಬಂದದ್ದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಅದರ ಸ್ಕ್ಯಾನ್ ಪ್ರತಿ ಇದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇಳಿಸಿಕೊಂಡು ‘ದುದ್ದ’ ಅಂತ ಇಂಗ್ಲಿಷಿನಲ್ಲಿ ಹುಡುಕಿ, ಸಿಕ್ಕ ಒಂದೆರಡನ್ನು ನೋಡಿ ಪುಸ್ತಕ ಮುಚ್ಚಿಬಿಡಬೇಡ. ರೈಸ್ ಒಂದು ಊರಿನ ಮುಂದೆ ಹೋಬಳಿಯ ಹೆಸರು ಬರೆದರೆ, ಅದರ ಮುಂದಿನ ಊರುಗಳಿಗೆ ‘ಅದೇ ಹೋಬಳಿ’ ಎಂದಷ್ಟೇ ಹಾಕಿಕೊಂಡು ಹೋಗುತ್ತಾರೆ. ಕಂಪ್ಯೂಟರು ಮೊದಲನೆಯದನ್ನು ಮಾತ್ರ ತೋರಿಸುತ್ತದೆ, ಉಳಿದ ಊರುಗಳು ಅದೇ ಪುಟದಲ್ಲಿ ನಿನ್ನ ಕಣ್ಣೆದುರಿಗೇ ಇದ್ದರೂ ತಪ್ಪಿಹೋಗುತ್ತವೆ. ಜೊತೆಗೆ, ರೋಮನ್ ಅಕ್ಷರದ ಭಾಗದಲ್ಲಿ ದೀರ್ಘಕ್ಕೆ ತಲೆ ಮೇಲೆ ಗುರುತು, ಮೂರ್ಧನ್ಯ ಅಕ್ಷರಕ್ಕೆ ಕೆಳಗೆ ಚುಕ್ಕಿ ಇರುವುದರಿಂದ ಸ್ಕ್ಯಾನ್ ಮಾಡಿದ ಯಂತ್ರ ಅದನ್ನು ಏನೇನೋ ಅಂತ ಓದಿಕೊಂಡಿರುತ್ತದೆ. ಅದಕ್ಕೇ ಹೇಳುವುದು, ಹಾಸನ ತಾಲ್ಲೂಕಿನ ಭಾಗವನ್ನು ಹಾಳೆ ತಿರುಗಿಸಿ ಓದು. ಒಂದು ವಾರ ಹಿಡಿಯಲಿ, ಪರವಾಗಿಲ್ಲ.

ಇನ್ನೊಂದು ಮುಖ್ಯವಾದ ವಿಷಯ. ಶಾಸನದ ಮೇಲೆ ಬರೆದ ವಿದ್ವಾಂಸರು ಊರಿನ ಹೆಸರು ಹೇಳಿಯೇ ತೀರುತ್ತಾರೆ ಅಂತ ಇಲ್ಲ. ಸಂಪುಟ, ತಾಲ್ಲೂಕಿನ ಎರಡಕ್ಷರದ ಸಂಕೇತ, ಶಾಸನದ ಸಂಖ್ಯೆ, ಇಷ್ಟೇ ಕೊಟ್ಟು ಮುಂದೆ ಹೋಗುತ್ತಾರೆ. ನಿನ್ನ ಹೋಬಳಿಯ ಕೆರೆಯೊಂದರ ಬಗ್ಗೆ ಯಾರೋ ಪುಟಗಟ್ಟಲೆ ಚರ್ಚೆ ಮಾಡಿರಬಹುದು, ಊರಿನ ಹೆಸರಿನಿಂದ ಹುಡುಕಿದರೆ ಅದು ಈ ಜನ್ಮದಲ್ಲಿ ಸಿಗುವುದಿಲ್ಲ. ಮೊದಲು ಸಂಪುಟದಿಂದ ನಿನ್ನ ಊರುಗಳ ಶಾಸನಗಳ ಸಂಖ್ಯೆಯ ಪಟ್ಟಿ ಮಾಡಿಕೊ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಆವೃತ್ತಿ ತಂದಿತು. ಅದರಲ್ಲಿ ಸಂಖ್ಯೆಗಳು ಬದಲಾಗಿವೆ, ಹಾಸನ ಜಿಲ್ಲೆಯೂ ಬೇರೆ ಬೇರೆ ಸಂಪುಟಗಳಿಗೆ ಹಂಚಿಹೋಗಿದೆ. ಹಾಗಾಗಿ ನಿನ್ನ ನೋಟ್‌ಬುಕ್ಕಿನಲ್ಲಿ ಹಳೆಯ ಸಂಖ್ಯೆ ಒಂದು ಕಡೆ, ಹೊಸ ಸಂಖ್ಯೆ ಒಂದು ಕಡೆ ಇರಲಿ. ಆಮೇಲೆ ಆ ಸಂಖ್ಯೆಗಳನ್ನು ಹಿಡಿದುಕೊಂಡು ಪ್ರಬಂಧಗಳೊಳಗೆ, ಪತ್ರಿಕೆಗಳೊಳಗೆ ಹುಡುಕು.

ಪದಗಳ ವಿಷಯದಲ್ಲೂ ಅಷ್ಟೇ. ‘ಕೆರೆ’ ಅಂತ ಮಾತ್ರ ಹುಡುಕಿದರೆ ಅರ್ಧ ಸಾಮಗ್ರಿ ತಪ್ಪಿತು. ಶಾಸನದಲ್ಲಿ ತಟಾಕ ಇರುತ್ತದೆ, ಸಮುದ್ರ ಇರುತ್ತದೆ, ತೂಬು ಇರುತ್ತದೆ. ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಅನ್ನುವ ಮಾತುಗಳಿರುತ್ತವೆ. ಬ್ರಿಟಿಷರ ಕಾಲದ ಮತ್ತು ಮೈಸೂರು ಸರ್ಕಾರದ ಇಂಗ್ಲಿಷ್ ಕಡತಕ್ಕೆ ಬಂದರೆ ಟ್ಯಾಂಕ್, ಸ್ಲೂಸ್, ವೇಸ್ಟ್ ವಿಯರ್, ಮರಾಮತ್ತು, ರೆಸ್ಟೊರೇಷನ್. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳಿಗೆ ಅಂತಲೇ ಕಾಯಿದೆ ಮಾಡಿತು. ಅದರ ಕಾಗದಗಳಲ್ಲಿ ನಿನಗೆ ಬೇಕಾದದ್ದು ‘ಟ್ಯಾಂಕ್ ಪಂಚಾಯತ್’ ಅಂತ ಇರುತ್ತದೆ. ಒಂದೊಂದು ಕಾಲಕ್ಕೆ ಒಂದೊಂದು ಹೆಸರು ಅಂತ ಗೋಡೆ ಮೇಲೆ ಒಂದು ಪಟ್ಟಿ ಅಂಟಿಸಿಕೊ.

ರೈಸ್ ಸಂಪುಟ ಓದಿ ಮುಗಿಸಿದೆ, ನಮ್ಮ ಹೋಬಳಿಯ ಶಾಸನ ಇಷ್ಟೇ ಅಂತಲೂ ತೀರ್ಮಾನ ಮಾಡಬೇಡ. ನಮ್ಮ ಜಿಲ್ಲೆಯ ಹಲ್ಮಿಡಿ ಶಾಸನ 1902ರ ಆ ಸಂಪುಟದಲ್ಲಿ ಇಲ್ಲ. ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದದ್ದು 1936ರಲ್ಲಿ, ಅದು ಅಚ್ಚಾದದ್ದು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಯಲ್ಲಿ. ಶ್ರವಣಬೆಳಗೊಳದ ಸಂಪುಟವನ್ನೇ ತೆಗೆದುಕೊ. 1889ರ ಮೊದಲ ಆವೃತ್ತಿಯಲ್ಲಿ 144 ಶಾಸನ, ಆರ್. ನರಸಿಂಹಾಚಾರ್ಯರು 1923ರಲ್ಲಿ ತಂದಾಗ 500, 1973ರ ಆವೃತ್ತಿಯಲ್ಲಿ 573. ಬೆಟ್ಟಗಳು ಅವೇ, ಊರು ಅದೇ. ಹೋಗಿ ನೋಡಿದವರು ಹೆಚ್ಚಾದ ಹಾಗೆ ಶಾಸನವೂ ಹೆಚ್ಚಾಯಿತು. ಆದ್ದರಿಂದ ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನು ವರ್ಷವಾರು ಸಾಲಾಗಿ ನೋಡಲೇಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿಯ ತ್ರೈಮಾಸಿಕ ಪತ್ರಿಕೆ 1909ರಿಂದ ಬರುತ್ತಿದೆ, ಅದರ ಹಳೆಯ ಸಂಚಿಕೆಗಳ ವಿಷಯಸೂಚಿಯನ್ನೂ ಒಂದು ಸಲ ಓದಿಬಿಡು.

ಊರಿನ ಹೆಸರು, ಆಡಳಿತದ ಹೆಸರು ಎರಡೂ ಕಾಲಕಾಲಕ್ಕೆ ಬದಲಾಗಿವೆ. ಕಮಿಷನರುಗಳ ಆಳ್ವಿಕೆಯ ಕಾಲದಲ್ಲಿ ಮೈಸೂರು, ಹಾಸನ ಎರಡೂ ಜಿಲ್ಲೆ ಅಷ್ಟಗ್ರಾಮ ವಿಭಾಗದಲ್ಲಿದ್ದವು. ಆಗಿನ ಎಷ್ಟೋ ವರದಿ ‘ಅಷ್ಟಗ್ರಾಮ್ ಡಿವಿಷನ್’ ಎಂಬ ಹೆಸರಿನಲ್ಲಿ ಕೂತಿದೆ, ಮುಖಪುಟದಲ್ಲಿ ಹಾಸನ ಅಂತ ಇರುವುದೇ ಇಲ್ಲ. ಸಕಲೇಶಪುರ ಬೇಕಾದರೆ ಮಂಜರಾಬಾದ್ ಅಂತ ನೋಡಬೇಕು. ಹೊಳೆನರಸೀಪುರವನ್ನು ಇಂಗ್ಲಿಷಿನಲ್ಲಿ ‘ಹೊಳೆ’ ಬೇರೆ, ‘ನರ್ಸಿಪುರ್’ ಬೇರೆ ಮಾಡಿ ನಡುವೆ ಗೆರೆ ಎಳೆದು ಬರೆಯುತ್ತಿದ್ದರು. ಬರೀ ನರ್ಸಿಪುರ್ ಅಂತ ಸಿಕ್ಕಿದರೆ ತಿರುಮಕೂಡಲಿನದೋ ನಮ್ಮದೋ ಅಂತ ಜಿಲ್ಲೆ ನೋಡಿಕೊಂಡೇ ಮುಂದುವರಿ. ಚನ್ನರಾಯಪಟ್ಟಣಕ್ಕಂತೂ ಮೊದಲಕ್ಷರದಲ್ಲಿ ‘ಎ’ ಹಾಕಿದವರೂ ಇದ್ದಾರೆ, ‘ಇ’ ಹಾಕಿದವರೂ ಇದ್ದಾರೆ. ಅರಕಲಗೂಡಿನ ಕೊನೆಗೆ ಒಮ್ಮೆ ‘ಯು’ ಉಂಟು, ಒಮ್ಮೆ ಇಲ್ಲ. ಎಲ್ಲ ಬಗೆಯಲ್ಲೂ ಹಾಕಿ ನೋಡು. 2011ರ ಜನಗಣತಿಯಲ್ಲಿ ಒಂದೊಂದು ಗ್ರಾಮಕ್ಕೂ ಆರಂಕಿಯ ಸಂಕೇತ ಇದೆ. ಒಂದೇ ಹೆಸರಿನ ಹೊಸಹಳ್ಳಿಗಳು ನಮ್ಮಲ್ಲಿ ಎಷ್ಟಿವೆ ಅಂತ ನಿನಗೇ ಗೊತ್ತು, ಅಲ್ಲಿ ಸಂಕೇತವನ್ನೇ ನಂಬು. ಜನಗಣತಿಯ ಹಾಸನ ಜಿಲ್ಲಾ ಕೈಪಿಡಿಯಲ್ಲಿ ಊರೂರಿನ ನೀರಾವರಿ ಜಮೀನಿನಲ್ಲಿ ಕೆರೆಯ ಪಾಲು ಎಷ್ಟು ಅಂತ ಲೆಕ್ಕ ಕೊಟ್ಟಿರುತ್ತಾರೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳು ಆನ್‌ಲೈನಿನಲ್ಲಿ ಸಿಗುತ್ತವೆ; ಕೆರೆಯಂಗಳ, ಏರಿ, ಕೋಡಿಯ ಹಳ್ಳ ಎಲ್ಲ ಗುರುತಾಗಿರುವ ನಕ್ಷೆ. ಇಷ್ಟು ಕೈಗೆ ಬಂದರೆ ನಿನ್ನ ಪ್ರಬಂಧಕ್ಕೆ ಒಂದು ಅಧ್ಯಾಯದ ಸಾಮಗ್ರಿಯಾಯಿತು.

ಹಳೆಯ ಕನ್ನಡ ಪುಸ್ತಕಗಳ ವಿಷಯಕ್ಕೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ಅವರ ಮುಂದಾಳುತನದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅಂತ ದೊಡ್ಡ ಕೆಲಸ ನಡೆಯಿತು, ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಆದವು. ಆ ತಾಣ ಆಮೇಲೆ ನಿಂತುಹೋಯಿತು. ಪುಣ್ಯಕ್ಕೆ ಬಹುಪಾಲು ಪುಸ್ತಕಗಳು ಅಷ್ಟರಲ್ಲಿ ಇಂಟರ್ನೆಟ್ ಆರ್ಕೈವ್ ಸೇರಿಕೊಂಡಿದ್ದವು. ತೊಂದರೆ ಏನಪ್ಪಾ ಅಂದರೆ, ಅವುಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿದವರು ಕಿವಿಗೆ ಕೇಳಿದ ಹಾಗೆ ಬರೆದಿದ್ದಾರೆ. ‘ಚರಿತ್ರೆ’ ಅನ್ನುವ ಒಂದು ಪದಕ್ಕೇ ನಾಲ್ಕಾರು ಬಗೆಯ ಕಾಗುಣಿತ ಸಿಗುತ್ತದೆ. ಲೇಖಕರ ಹೆಸರಿನ ಜಾಗದಲ್ಲಿ ಪ್ರಕಾಶಕರ ಹೆಸರು ಇರುವುದೂ ಉಂಟು. ಈ ಗೋಜಲು ಬಿಡಿಸುವುದಕ್ಕೆ ಸಂಚಯ ಅನ್ನುವ ತಂಡದ ಗೆಳೆಯರು, ಓಂಶಿವಪ್ರಕಾಶ್ ಮತ್ತಿತರರು, ಪುಸ್ತಕ ಸಂಚಯ ಅಂತ ಮಾಡಿ ಕನ್ನಡ ಪುಸ್ತಕಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಹುಡುಕುವ ದಾರಿ ತೆರೆದರು. ಸಂಬಳ ಇಲ್ಲದೆ ಜನ ಕೂತು ಮಾಡಿದ ಕೆಲಸ ಅದು, ಅವರ ಉಪಕಾರವನ್ನು ನಾವು ಮರೆಯಬಾರದು. ಖರಗಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ, ನಮ್ಮ ಸರ್ಕಾರದ ಕಣಜ, ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ ಇವನ್ನೆಲ್ಲ ಒಂದೊಂದು ಸಂಜೆ ನೋಡಿ ಮುಗಿಸು. ಯಾವುದಕ್ಕೂ ದುಡ್ಡು ಕೊಡಬೇಕಾಗಿಲ್ಲ.

ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳನ್ನು ಮಾತ್ರ ಮರೆಯಬೇಡ. 1881ರಲ್ಲಿ ರಂಗಾಚಾರ್ಲು ಅವರು ದಿವಾನರಾಗಿದ್ದಾಗ ಶುರುವಾದ ಸಭೆ ಅದು. ತಾಲ್ಲೂಕಿನಿಂದ ಹೋದ ಪ್ರತಿನಿಧಿಗಳು ಅಲ್ಲಿ ಎದ್ದು ನಿಂತು ನಮ್ಮ ಕೆರೆಯ ಏರಿ ರಿಪೇರಿ ಆಗಬೇಕು, ರಸ್ತೆ ಬೇಕು, ಆಸ್ಪತ್ರೆ ಬೇಕು ಅಂತ ಕೇಳುತ್ತಿದ್ದರು. ಸರ್ಕಾರದ ಉತ್ತರವೂ ಅಚ್ಚಾಗುತ್ತಿತ್ತು. ಅವು ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಡಿಬಿಡಿಯಾಗಿ ಚೆದುರಿವೆ. ಕೆರೆಯ ಬಗ್ಗೆ ರೈತರ ಕಡೆಯ ಮಾತು ಕಡತದಲ್ಲಿ ಸಿಗುವ ಜಾಗಗಳು ಬಹಳ ಇಲ್ಲ, ಇದು ಅಂಥ ಒಂದು ಜಾಗ.

ಈಗ ಶೋಧಗಂಗಾ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವುದು, ದೇಶದ ವಿಶ್ವವಿದ್ಯಾಲಯಗಳ ಐದು ಲಕ್ಷಕ್ಕೂ ಹೆಚ್ಚು ಪ್ರಬಂಧಗಳು ಅಲ್ಲಿವೆ. ಮೈಸೂರು, ಬೆಂಗಳೂರು, ಕುವೆಂಪು, ಹಂಪಿ ಕನ್ನಡ ವಿಶ್ವವಿದ್ಯಾಲಯ ಎಲ್ಲರ ಪ್ರಬಂಧವನ್ನೂ ನೋಡಬೇಕು. ಕನ್ನಡದಲ್ಲಿ ಬರೆದ ಪ್ರಬಂಧದ ಶೀರ್ಷಿಕೆ ಅಲ್ಲಿ ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ, ‘ಹಾಸನ ಜಿಲ್ಲೆಯ’ ಅನ್ನುವುದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ ನೋಡು. ಅಲ್ಲೂ ಸಿಗದಿದ್ದರೆ ವಿಶ್ವವಿದ್ಯಾಲಯ, ಅದರೊಳಗೆ ವಿಭಾಗ ಅಂತ ಇಳಿದು ಪಟ್ಟಿಯನ್ನೇ ಓದು. ಒಂದೊಂದು ಪ್ರಬಂಧವನ್ನೂ ಅಧ್ಯಾಯ ಅಧ್ಯಾಯವಾಗಿ ಬಿಡಿಸಿ ಇಟ್ಟಿರುತ್ತಾರೆ. ಮೊದಲು ತೆರೆಯಬೇಕಾದದ್ದು ಕೊನೆಯ ಭಾಗದಲ್ಲಿರುವ ಗ್ರಂಥಋಣದ ಕಡತ. ಬೇರೆಯವರು ಐದು ವರ್ಷ ಅಲೆದು ಗೊತ್ತುಮಾಡಿಕೊಂಡ ಆಕರಗಳೆಲ್ಲ ಅಲ್ಲಿ ನಿನಗೆ ಹತ್ತು ನಿಮಿಷದಲ್ಲಿ ಸಿಗುತ್ತವೆ.

ಅಲ್ಲಿ ಒಂದು ತೊಡಕಿದೆ, ಅದನ್ನು ನಿನ್ನ ಓರಗೆಯ ಮಕ್ಕಳಿಗೆ ಯಾರೂ ಹೇಳಿಕೊಡುತ್ತಿಲ್ಲ. ಹಳೆಯ ಕನ್ನಡ ಪ್ರಬಂಧಗಳು ಬಹಳಷ್ಟು ನುಡಿ ತಂತ್ರಾಂಶದಲ್ಲೋ ಬರಹ ತಂತ್ರಾಂಶದಲ್ಲೋ ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪು ಆದವು. ಕಣ್ಣಿಗೆ ಚೆನ್ನಾಗಿ ‘ಕೆರೆ’ ಅಂತಲೇ ಕಾಣುತ್ತದೆ. ಕಂಪ್ಯೂಟರಿನೊಳಗೆ ಮಾತ್ರ ಅದು ಇಂಗ್ಲಿಷಿನ ದೊಡ್ಡ ‘ಪಿ’, ತಲೆ ಮೇಲೆ ಗೀಟಿರುವ ಒಂದು ‘ಇ’, ಚಿಕ್ಕ ‘ಜಿ’, ಮತ್ತೆ ಅದೇ ಗೀಟಿನ ‘ಇ’. ನೀನು ಕನ್ನಡದಲ್ಲಿ ‘ಕೆರೆ’ ಅಂತ ಟೈಪು ಮಾಡಿ ಹುಡುಕಿದರೆ ನೂರು ಸಲ ಆ ಪದ ಇರುವ ಪ್ರಬಂಧವೂ ಇಲ್ಲ ಅಂತಲೇ ಹೇಳುತ್ತದೆ. ಪರೀಕ್ಷೆ ಮಾಡುವುದು ಸುಲಭ. ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕು. ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಬಂದರೆ ಹಳೆಯ ಅಕ್ಷರಶೈಲಿ ಅಂತ ಅರ್ಥ. ಯೂನಿಕೋಡಿನಿಂದ ಆಸ್ಕಿಗೆ, ಅಂದರೆ ಆ ಹಳೆಯ ಅಕ್ಷರಶೈಲಿಗೆ, ಬದಲಾಯಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ನಿನ್ನ ಪದಗಳನ್ನು ಅದರಲ್ಲಿ ಹಾಕಿ, ಬಂದ ಆ ವಿಚಿತ್ರ ಅಕ್ಷರಗಳನ್ನೇ ಪಿಡಿಎಫ್‌ನ ಹುಡುಕು ಪೆಟ್ಟಿಗೆಗೆ ಹಾಕು. ಇಲ್ಲ ಅಂದಿದ್ದೆಲ್ಲ ಸಾಲುಸಾಲಾಗಿ ಬರುತ್ತದೆ. ಅಕ್ಷರವೇ ಇಲ್ಲದ ಬರೀ ಚಿತ್ರದ ಪಿಡಿಎಫ್ ಆಗಿದ್ದರೆ ಓದುವುದೊಂದೇ ದಾರಿ, ಅದಕ್ಕೆ ಬೇಸರ ಪಡಬಾರದು.

ವಿದೇಶದ ಪತ್ರಿಕೆಗಳಲ್ಲಿ ಬಂದ ಲೇಖನಕ್ಕೆ ಸಾವಿರಾರು ರೂಪಾಯಿ ಕೇಳಿದರೆ ಗಾಬರಿ ಬೇಡ, ಕೊಡಲೂ ಬೇಡ. 2025ರ ಜನವರಿಯಿಂದ ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಜಾರಿಯಲ್ಲಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಒದಗಿಸುವ ಯೋಜನೆ. ದೆಹಲಿಯ ದೊಡ್ಡ ವಿಶ್ವವಿದ್ಯಾಲಯದ ಹುಡುಗ ಓದುವ ಪತ್ರಿಕೆಯನ್ನೇ ಹಾಸನದ ಸರ್ಕಾರಿ ಕಾಲೇಜಿನ ಹುಡುಗಿಯೂ ಓದಬಹುದು. ನನ್ನ ಕಾಲದಲ್ಲಿ ಇದನ್ನು ಕನಸಿನಲ್ಲೂ ಎಣಿಸಿರಲಿಲ್ಲ. ಗ್ರಂಥಪಾಲಕರ ಹತ್ತಿರ ಹೋಗಿ ‘ಮನೆಯಿಂದಲೂ ನೋಡೋಕೆ ಲಾಗಿನ್ ಮಾಡಿಕೊಡಿ ಸಾರ್’ ಅಂತ ಕೇಳು. ಸರ್ಕಾರ ದುಡ್ಡು ಕಟ್ಟಿದ ಬಾಗಿಲನ್ನು ಮಕ್ಕಳು ತಟ್ಟದೇ ಇರುವುದು ನನಗೆ ಬಹಳ ಸಂಕಟದ ವಿಷಯ. ಅದರಲ್ಲೂ ಸಿಗದ ಲೇಖನ ಇದ್ದರೆ ಬರೆದವರಿಗೇ ಇಮೇಲ್ ಹಾಕು; ಮರ್ಯಾದೆಯಿಂದ ಕೇಳಿದರೆ ಹೆಚ್ಚಿನವರು ಕಳಿಸುತ್ತಾರೆ. ಪುಸ್ತಕವಾದರೆ, ನಿಮ್ಮ ಕಾಲೇಜು ಡೆಲ್‌ನೆಟ್ ಅನ್ನುವ ಗ್ರಂಥಾಲಯ ಜಾಲದ ಸದಸ್ಯ ಆಗಿದ್ದಲ್ಲಿ, ಬೇರೆ ಗ್ರಂಥಾಲಯದಿಂದ ತರಿಸಿಕೊಡಲು ಬರುತ್ತದೆ. ಜಿ. ಎಸ್. ದೀಕ್ಷಿತ್, ಕುಪ್ಪುಸ್ವಾಮಿ, ಮೋಹನ್ ಮೂವರು ಸೇರಿ ಕರ್ನಾಟಕದ ಕೆರೆ ನೀರಾವರಿಯ ಮೇಲೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕವನ್ನು ಮೊದಲು ಹಾಗೆ ತರಿಸಿಕೊ. ಅದರ ಅಡಿಟಿಪ್ಪಣಿಗಳೇ ನಿನಗೆ ಆರು ತಿಂಗಳ ಕೆಲಸ ಕೊಡುತ್ತವೆ.

ನಿನ್ನ ತಮ್ಮ ಆಲೂಗಡ್ಡೆ ಹಾಕುತ್ತಾನಲ್ಲ, ಅವನಿಗೂ ಒಂದು ಮಾತು ಹೇಳು. ಜಲಂಧರದಿಂದ ಬಂದ ಬಿತ್ತನೆ ಗಡ್ಡೆಗೆ ಅಷ್ಟು ದುಡ್ಡು ಸುರಿದು, ಅಂಗಮಾರಿ ಬಿದ್ದಾಗ ಔಷಧಿ ಅಂಗಡಿಯವರು ಕೊಟ್ಟದ್ದನ್ನು ಹೊಡೆಯುವ ಬದಲು, ಕೃಷಿಕೋಶ ಅನ್ನುವ ತಾಣವನ್ನು ನೀನು ಅವನಿಗೆ ತೆರೆದು ತೋರಿಸು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಬಂಧಗಳು ಅಲ್ಲಿ ಇವೆ. ಅಂಗಮಾರಿ ಅಂತ ಹುಡುಕಿದರೆ ಸಿಗುವುದಿಲ್ಲ. ಲೇಟ್ ಬ್ಲೈಟ್ ಅಂತಲೋ ಆ ರೋಗಾಣುವಿನ ಹೆಸರು ಫೈಟಾಫ್ತೊರಾ ಇನ್‌ಫೆಸ್ಟಾನ್ಸ್ ಅಂತಲೋ ಹಾಕಬೇಕು, ಜೊತೆಗೆ ಹಾಸನ ಅಂತ ಸೇರಿಸಬೇಕು. ಅದನ್ನು ಕಾರೇಕೆರೆಯ ಕೃಷಿ ಕಾಲೇಜಿನ ಮೇಷ್ಟ್ರ ಹತ್ತಿರ ಒಯ್ದು ಕೇಳಿಕೊಳ್ಳಲಿ.

ಎರಡು ವಿಷಯದಲ್ಲಿ ಮಾತ್ರ ಎಚ್ಚರ. ಮೊಬೈಲಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಎಐ ಬಂದಿದೆಯಲ್ಲ, ಅದು ಇಲ್ಲದ ಪುಸ್ತಕಕ್ಕೂ ಲೇಖಕರ ಹೆಸರು, ಇಸವಿ, ಪುಟಸಂಖ್ಯೆ ಕೊಟ್ಟುಬಿಡುತ್ತದೆ. ಅದು ಹೇಳಿದ ಒಂದೊಂದು ಆಕರವನ್ನೂ ಯಾವುದಾದರೂ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಕಣ್ಣಾರೆ ನೋಡದೆ ಬರೆದುಕೊಳ್ಳಬೇಡ. ಇನ್ನೊಂದು, ಇವತ್ತು ಸಿಕ್ಕಿದ ಸರ್ಕಾರಿ ಪುಟ ನಾಳೆ ಅದೇ ವಿಳಾಸದಲ್ಲಿ ಇರುತ್ತದೆ ಅನ್ನುವ ಭರವಸೆ ಇಲ್ಲ. ಸಿಕ್ಕಿದ ದಿನವೇ ಇಳಿಸಿಕೊ, ನೋಡಿದ ತಾರೀಖು ಬರೆದಿಡು, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಡು.

ಯಾವ ಜಾಲಕ್ಕೂ ಹತ್ತದ ಕಾಗದಗಳು ಇನ್ನೂ ರಾಶಿ ಇವೆ. ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ, ಮೈಸೂರಿನ ಅದರ ವಿಭಾಗೀಯ ಕಚೇರಿ, ಹಾಸನದ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು, ಇವಕ್ಕೆ ನಿನ್ನ ಮಾರ್ಗದರ್ಶಕರ ಪತ್ರ ಹಿಡಿದು ನೀನೇ ಹೋಗಬೇಕು. ಹೋಗುವ ಮೊದಲು ವರ್ಷ, ಇಲಾಖೆ, ತಾಲ್ಲೂಕು ಬರೆದುಕೊಂಡು ಹೋಗು. ‘ಕೆರೆ ಬಗ್ಗೆ ಏನಾದ್ರೂ ಇದೆಯಾ’ ಅಂತ ಕೇಳಿದರೆ ಯಾರಿಗೂ ತೆಗೆದುಕೊಡಲು ಆಗುವುದಿಲ್ಲ. ಊರಿನಲ್ಲೂ ನೀರುಗಂಟಿ ಕೆಲಸ ಮಾಡಿದ ಮನೆತನದ ಹಿರಿಯರು ಇದ್ದರೆ ಅವರ ಹತ್ತಿರ ಕೂತು ತೂಬುಗಳ ಹೆಸರು, ಗದ್ದೆಬಯಲುಗಳ ಹೆಸರು ಬರೆಸಿಕೊ. ಆ ಹೆಸರುಗಳಲ್ಲಿ ಕೆಲವು ನಿನಗೆ ಶಾಸನದಲ್ಲಿ, ನಕ್ಷೆಯಲ್ಲಿ ಮತ್ತೆ ಎದುರಾಗಬಹುದು. ಈ ಕೆಲಸವನ್ನು ಮುಂದಕ್ಕೆ ಹಾಕಬೇಡ, ಅವರಿಗೆಲ್ಲ ವಯಸ್ಸಾಗಿದೆ.

ಕೊನೆಗೆ ನಿನ್ನಿಂದ ನನಗೆ ಆಗಬೇಕಾದದ್ದು ಒಂದಿದೆ. ನಿನ್ನ ಪ್ರಬಂಧವನ್ನು ಯೂನಿಕೋಡಿನಲ್ಲೇ ಟೈಪು ಮಾಡು. ಶೋಧಗಂಗಾಕ್ಕೆ ಕೊಡುವಾಗ ದುದ್ದ, ಹಾಸನ ಅಂತ ಕನ್ನಡದಲ್ಲೂ ಹಾಕಿಸು, ಇಂಗ್ಲಿಷಿನಲ್ಲೂ ಹಾಕಿಸು. ಒಂದೊಂದು ಕೆರೆಗೂ ಊರಿನ ಹೆಸರು, ಗ್ರಾಮದ ಸಂಕೇತ, ಶಾಸನದ ಹಳೆಯ ಮತ್ತು ಹೊಸ ಸಂಖ್ಯೆ ಸೇರಿಸಿ ಕೊನೆಯಲ್ಲಿ ಒಂದು ಅಕಾರಾದಿ ಕೊಡು. ಒಂದು ಪ್ರತಿಯನ್ನು ಹಾಸನದ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೂ, ಇನ್ನೊಂದನ್ನು ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೂ ತಪ್ಪದೆ ಕೊಟ್ಟು ಬಾ.